ಕೊಕ್ಕು ನೋಡಿ, ಆಮೇಲೆ ಔಷಧ ಹೊಡೆಯಿರಿ

ಕಾರವಾರ, ಅಂಕೋಲೆ ಕಡೆ ಕೀಟನಾಶಕವನ್ನು ಕೀಟನಾಶಕ ಎಂದು ಕರೆಯುವವರು ಕಡಿಮೆ. ಎಲ್ಲರ ಬಾಯಲ್ಲೂ ಅದು 'ಔಷಧ'. ಗೇರು ಚಿಗುರಿದಾಗ ಒಂದು ಸಲ ಔಷಧ, ಹೂ ಬಿಟ್ಟಾಗ ಇನ್ನೊಂದು ಸಲ, ಕಾಯಿ ಕಚ್ಚಿದಾಗ ಮತ್ತೊಂದು ಸಲ. ಮಾವಿಗೂ ಔಷಧ, ಬೆಂಡೆಗೂ ಔಷಧ. ಮನುಷ್ಯರ ಔಷಧಕ್ಕೆ ಹೋದರೆ ಡಾಕ್ಟರು ನಾಲಿಗೆ ಚಾಚು ಅಂತಾದರೂ ಹೇಳುತ್ತಾರೆ. ಗಿಡದ ಔಷಧಕ್ಕೆ ಹೋದರೆ ಹೆಚ್ಚಾಗಿ ಎರಡೇ ಪ್ರಶ್ನೆ: ಬೆಳೆ ಯಾವುದು, ಎಷ್ಟು ಪಂಪು ಬೇಕು? ಹುಳ ಯಾವುದು, ನೋಡಿದ್ದೀರಾ, ಹಿಡಿದು ತಂದಿದ್ದೀರಾ ಎಂದು ಕೇಳುವವರು ಅಪರೂಪ. 'ತಿಗಣೆ ಬಿದ್ದಿದೆ' ಅಂದರೆ ಸಾಕು, ಬಾಟಲಿ ಕೈಗೆ ಬರುತ್ತದೆ.

ಈ ತಿಗಣೆ ಎಂಬ ಒಂದೇ ಮಾತಿನೊಳಗೆ ಕಳ್ಳನೂ ಇದ್ದಾನೆ, ಪೊಲೀಸೂ ಇದ್ದಾನೆ. ಗಿಡದ ರಸ ಹೀರುವ ತಿಗಣೆಗಳಿರುವ ಹಾಗೆ, ಅಂಥ ತಿಗಣೆಗಳನ್ನೂ ಮರಿಹುಳುಗಳನ್ನೂ ಹಿಡಿದು ಹೀರುವ ಬೇಟೆಗಾರ ತಿಗಣೆಗಳೂ ಇವೆ. ಒಂದೇ ಗೇರು ಕೊಂಬೆಯಲ್ಲಿ ಎರಡೂ ಸಿಗುತ್ತವೆ. ಔಷಧಕ್ಕೆ ಈ ಭೇದ ತಿಳಿಯದು. ತಿಳಿಯಬೇಕಾದದ್ದು ಪಂಪು ಹೊತ್ತವರಿಗೆ, ಅವರಿಗೆ ಸಲಹೆ ಕೊಡುವವರಿಗೆ. ಕೀಟ ಗುರುತಿಸುವುದು, ಹೆಸರಿಡುವುದು, ವರ್ಗೀಕರಿಸುವುದು ಎಲ್ಲೋ ವಿಶ್ವವಿದ್ಯಾಲಯದ ಕಪಾಟಿನ ಕೆಲಸ ಎಂದು ನಾವೆಲ್ಲ ಸೇರಿ ದೂರ ಇಟ್ಟುಬಿಟ್ಟಿದ್ದೇವೆ. ಅದು ಕೃಷಿಯ ಮೊದಲ ಕೆಲಸ, ಜಿಲ್ಲೆಯೊಳಗೇ ಕನ್ನಡದಲ್ಲೇ ನಡೆಯಬೇಕಾದ ಕೆಲಸ ಎಂಬುದು ನಮ್ಮ ವಾದ.

ಮೊದಲು ತಿಗಣೆ ಅಂದರೇನು ನೋಡೋಣ. ಹಾಸಿಗೆಯ ತಿಗಣೆ ಎಲ್ಲರಿಗೂ ಗೊತ್ತು. ಅದರ ನೆಂಟರು ಸಾವಿರಾರು. ಜಿರಲೆ, ಮಿಡತೆಗಳ ಹಾಗೆ ಇವಕ್ಕೆ ಅಗಿಯುವ ಬಾಯಿಲ್ಲ. ಇರುವುದು ಸೂಜಿಯಂಥ ಕೊಕ್ಕು. ಚುಚ್ಚಬೇಕು, ಹೀರಬೇಕು, ಅಷ್ಟೇ. ಯಾವುದನ್ನು ಚುಚ್ಚುತ್ತದೆ ಎಂಬುದರ ಮೇಲೆ ಅದು ನಮಗೆ ಬೇಕಾದದ್ದೋ ಬೇಡವಾದದ್ದೋ ಎಂಬ ಲೆಕ್ಕ. ಬೇಟೆಗಾರ ತಿಗಣೆಗಳಲ್ಲಿ ದೊಡ್ಡ ಕುಟುಂಬ ರೆಡುವಿಡೆ. ಇಂಗ್ಲಿಷಿನಲ್ಲಿ ಅಸಾಸಿನ್ ಬಗ್ ಅನ್ನುವುದನ್ನು ನೋಡಿ ಕನ್ನಡದಲ್ಲಿ ಕೊಲೆಗಡುಕ ತಿಗಣೆ ಎಂದು ಬರೆಯುತ್ತಾರೆ. ರೈತನ ಪರವಾಗಿ ದುಡಿಯುವ ಜೀವಿಗೆ ಇದಕ್ಕಿಂತ ಅನ್ಯಾಯದ ಹೆಸರು ಇರಲಿಕ್ಕಿಲ್ಲ. ನಾವು ಇಲ್ಲಿ ಬೇಟೆ ತಿಗಣೆ ಎನ್ನುತ್ತೇವೆ. ಜಗತ್ತಿನಲ್ಲಿ ಇವುಗಳ ಸುಮಾರು 7,000 ಪ್ರಭೇದಗಳಿಗೆ ಹೆಸರಿಡಲಾಗಿದೆ. ತಮಿಳುನಾಡಿನ ಪಾಳಯಂಕೋಟೈನ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಜೀವಮಾನವಿಡೀ ಇವುಗಳ ಹಿಂದೆ ಬಿದ್ದ ಡನ್‌ಸ್ಟನ್ ಆಂಬ್ರೋಸ್ 2006ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಭಾರತದ್ದೇ 460ಕ್ಕೂ ಹೆಚ್ಚು ಇವೆ.

ಕುಟುಂಬದ ಮಟ್ಟಕ್ಕೆ ಗುರುತಿಸಲು ಮೈಕ್ರೋಸ್ಕೋಪು ಬೇಡ. ಕೊಕ್ಕು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಗಿಡದ ರಸ ಹೀರುವ ತಿಗಣೆಯ ಕೊಕ್ಕು ತೆಳ್ಳಗೆ, ಉದ್ದಕ್ಕೆ, ಹೊಟ್ಟೆಯಡಿ ಕಾಲುಗಳ ನಡುವೆ ಅಂಟಿಕೊಂಡು ಮಲಗಿರುತ್ತದೆ. ಬೇಟೆ ತಿಗಣೆಯದು ಮೋಟು, ದಪ್ಪ, ಕುಡುಗೋಲಿನಂತೆ ಬಾಗಿ ಗಂಟಲಿನಿಂದ ದೂರ ನಿಂತಿರುತ್ತದೆ. ತಲೆ ಉದ್ದ, ಕಣ್ಣಿನ ಹಿಂದೆ ಕುತ್ತಿಗೆಯಂತೆ ಸಪೂರ. ಕೊಕ್ಕಿನ ತುದಿ ಎದೆಯಡಿಯ ಒಂದು ಗೀರಿನಲ್ಲಿ ಕೂತಿರುತ್ತದೆ. ಗಾಬರಿಯಾದಾಗ ಆ ಗೀರಿಗೆ ಕೊಕ್ಕು ಉಜ್ಜಿ ಕಿರ್ ಎಂದು ಸಣ್ಣ ಸದ್ದು ಮಾಡುತ್ತದೆ. ಹಿಡಿದ ಹುಳಕ್ಕೆ ಒಂದು ಚುಚ್ಚು. ಎಂಜಲು ಒಳಗೆ ಹೋಗಿ ಹುಳ ಮರಗಟ್ಟುತ್ತದೆ, ಒಳಗಿನದೆಲ್ಲ ಕರಗಿ ನೀರಾಗುತ್ತದೆ, ಆಮೇಲೆ ಆರಾಮವಾಗಿ ಹೀರಿ ಸಿಪ್ಪೆ ಬಿಸಾಡುತ್ತದೆ. ಬರಿಗೈಯಲ್ಲಿ ಹಿಡಿದರೆ ನಮಗೂ ಚುಚ್ಚುತ್ತದೆ, ಉರಿ ಜೋರಾಗಿಯೇ ಇರುತ್ತದೆ. ನೋಡುವುದಾದರೆ ಗಾಜಿನ ಬಾಟಲಿಯಲ್ಲಿ ಹಾಕಿ ನೋಡಿ.

ಎಲ್ಲಿ ಹುಡುಕಬೇಕೆಂಬುದಕ್ಕೂ ವರ್ಗೀಕರಣವೇ ದಾರಿ ತೋರಿಸುತ್ತದೆ. ಹಾರ್ಪ್ಯಾಕ್ಟೊರಿನೆ ಎಂಬ ಉಪಕುಟುಂಬದವು ಹಗಲಲ್ಲಿ ಎಲೆ, ಚಿಗುರು, ಹೂಗೊಂಚಲ ಮೇಲೆ ಓಡಾಡುತ್ತವೆ. ಗೇರು ಹಕ್ಕಲಿನಲ್ಲಿ ಕೆಲಸಕ್ಕೆ ಬರುವುದು ಮುಖ್ಯವಾಗಿ ಇವು. ಪೈರಾಟಿನೆ ಉಪಕುಟುಂಬದವು ನೆಲದವು, ಕಲ್ಲಿನಡಿ, ದರಕಿನಡಿ ಅಡಗಿ ರಾತ್ರಿ ಹೊರಡುತ್ತವೆ. ಎಮೆಸಿನೆಯವು ಹುಲ್ಲುಕಡ್ಡಿಯಷ್ಟು ಸಪೂರ, ಜೇಡರ ಬಲೆಯ ಆಸುಪಾಸಿನಲ್ಲಿ ಸಿಗುತ್ತವೆ. ಅಕಾಂಥಾಸ್ಪಿಸ್ ಜಾತಿಯ ಮರಿಗಳಂತೂ ತಾವು ಹೀರಿ ಬಿಸಾಡಿದ ಇರುವೆಗಳ ಹೆಣಗಳನ್ನೂ ಮಣ್ಣನ್ನೂ ಬೆನ್ನಿಗೆ ಅಂಟಿಸಿಕೊಂಡು ಕಸದ ಗುಡ್ಡೆಯಂತೆ ನಡೆದಾಡುತ್ತವೆ. ಬೇಣಕ್ಕೆ ಬೆಂಕಿ ಕೊಟ್ಟರೆ, ಗೇರಿನ ಬುಡದ ದರಕನ್ನೆಲ್ಲ ಗುಡಿಸಿ ಸುಟ್ಟರೆ ಮೊದಲು ಮನೆ ಕಳೆದುಕೊಳ್ಳುವುದು ಈ ನೆಲದ ಬೇಟೆಗಾರರು. ಯಾವ ಉಪಕುಟುಂಬ ಎಲ್ಲಿರುತ್ತದೆ ಎಂದು ಗೊತ್ತಿದ್ದವರು ಬೆಂಕಿಕಡ್ಡಿ ಗೀರುವ ಮೊದಲು ಒಂದು ಸಲ ಯೋಚಿಸುತ್ತಾರೆ.

ಕುಟುಂಬ ಗೊತ್ತಾದರೆ ಸಾಲದೇ, ಪ್ರಭೇದದವರೆಗೆ ಯಾಕೆ ಹೋಗಬೇಕು ಎಂದು ಕೇಳಬಹುದು. ಸಾಲುವುದಿಲ್ಲ. ಮೂರು ಉದಾಹರಣೆ ಕೊಡುತ್ತೇವೆ.

ಬೆಂಡೆ ಗಿಡದ ಮೇಲೆ, ಬೂರುಗದ ಬುಡದಲ್ಲಿ ಗುಂಪುಗಟ್ಟುವ ಕೆಂಪು ತಿಗಣೆಯನ್ನು ಎಲ್ಲರೂ ನೋಡಿದ್ದೀರಿ. ಅದು ಡಿಸ್‌ಡರ್ಕಸ್, ಬೀಜದ ರಸ ಹೀರುವುದು. ಅದರ ನಡುವೆಯೇ ಅದಕ್ಕಿಂತ ತುಸು ದೊಡ್ಡದಾದ, ಅಷ್ಟೇ ಕೆಂಪಾದ ಇನ್ನೊಂದು ತಿಗಣೆ ಓಡಾಡುತ್ತಿರುತ್ತದೆ. ಹೆಸರು ಆಂಟಿಲೋಕಸ್. ಕುಟುಂಬವೂ ಅದೇ, ಬಣ್ಣವೂ ಅದೇ. ಆದರೆ ಇದರ ಊಟ ಡಿಸ್‌ಡರ್ಕಸ್. ತನ್ನ ದಾಯಾದಿಯನ್ನೇ ಹಿಡಿದು ಹೀರುವ ಈ ತಿಗಣೆಯನ್ನು 'ಕೆಂಪು ಹುಳ' ಎಂದು ಹೊಡೆದರೆ ಯಾರಿಗೆ ಲಾಭ?

ಎರಡನೆಯದು ಮಿರಿಡೆ ಕುಟುಂಬ. ಗೇರಿನ ದೊಡ್ಡ ಶತ್ರು ಟೀ ಸೊಳ್ಳೆ ಈ ಕುಟುಂಬದ್ದು. ಸೊಳ್ಳೆ ಎಂದು ಕರೆದರೂ ಅದು ಸೊಳ್ಳೆಯಲ್ಲ, ತಿಗಣೆ. ಬೆನ್ನ ಮೇಲೆ ಗುಂಡುಸೂಜಿ ನೆಟ್ಟಂಥ ಒಂದು ಮುಳ್ಳು ಇರುವುದೇ ಅದರ ಗುರುತು. ಅಡಿಕೆಯ ಸುಳಿ ತಿಗಣೆಯೂ ಇದೇ ಕುಟುಂಬ. ಆದರೆ ಗದ್ದೆಯಲ್ಲಿ ಕಂದು ಜಿಗಿಹುಳುವಿನ ಮೊಟ್ಟೆಗಳನ್ನು ಹುಡುಕಿ ಹುಡುಕಿ ಹೀರುವ ಹಸಿರು ಮಿರಿಡ್ ತಿಗಣೆಯೂ ಇದೇ ಕುಟುಂಬದ್ದು. ಒಂದೇ ಮನೆತನದಲ್ಲಿ ಒಬ್ಬ ತೋಟ ಹಾಳು ಮಾಡುವವನು, ಇನ್ನೊಬ್ಬ ಗದ್ದೆ ಕಾಯುವವನು.

ಮೂರನೆಯದು ನಾತದ ತಿಗಣೆಗಳು, ಮುಟ್ಟಿದರೆ ಕೈ ನಾರುವಂಥವು. ಇವುಗಳಲ್ಲಿ ಹೆಚ್ಚಿನವು ಸಸ್ಯಾಹಾರಿಗಳು. ಎಳೆ ಅಡಿಕೆ ಉದುರಿಸುವ ತಿಗಣೆ ಇವುಗಳಲ್ಲೊಂದು. ಆದರೆ ಇದೇ ಕುಟುಂಬದ ಅಸೋಪಿನೆ ಎಂಬ ಕವಲು ಪೂರ್ತಿ ಬೇಟೆಗಾರರದ್ದು. ಅದರಲ್ಲಿ ಇಯೊಕಾಂಥೆಕೋನಾ ಎಂಬುದು ಹೆಗಲಿನ ಎರಡೂ ಕಡೆ ಮುಳ್ಳಿರುವ, ಮರಿಹುಳುಗಳ ಕಡುವೈರಿ. ಇದನ್ನು ತರಕಾರಿ ಬೆಳೆಯುವವರು ಕಾಪಾಡಬೇಕು. ಜಾರ್ಖಂಡದ ಕಾಡಿನಲ್ಲಿ ಟಸರ್ ರೇಷ್ಮೆಹುಳು ಸಾಕುವವರಿಗೆ ಇದೇ ತಿಗಣೆ ಪೀಡೆ, ಯಾಕೆಂದರೆ ರೇಷ್ಮೆಹುಳುವೂ ಮರಿಹುಳುವೇ. ಹಾಗೆಯೇ ಬೇಟೆ ತಿಗಣೆಗಳಲ್ಲಿ ಅಕಾಂಥಾಸ್ಪಿಸ್ ಸಿವ ಎಂಬುದು ತುಡುವೆ ಜೇನನ್ನು ಹಿಡಿಯುತ್ತದೆ. ಮಿತ್ರ ಕೀಟ, ಶತ್ರು ಕೀಟ ಎಂಬ ಎರಡು ಖಾನೆಯ ಪಟ್ಟಿಯಿಂದ ಕೆಲಸ ಆಗುವುದಿಲ್ಲ. ಯಾವ ಪ್ರಭೇದ, ಯಾವ ಬೆಳೆ, ಯಾರ ತೋಟ ಎಂದು ಕೇಳಲೇಬೇಕು.

ಕೇಳದೇ ಹೊಡೆದರೆ ಏನಾಗುತ್ತದೆ ಎಂಬುದನ್ನು ಗಡಿನಾಡಿನ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗದ ಗುಡ್ಡಗಳ ಮೇಲೆ ಸರ್ಕಾರಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳಲ್ಲೂ ಅದೇ ಕಥೆ. ಸುಪ್ರೀಂ ಕೋರ್ಟು ದೇಶಾದ್ಯಂತ ಇದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ಹುಟ್ಟಿದ ಮಕ್ಕಳ ಅಂಗವೈಕಲ್ಯ, ತಾಯಂದಿರ ಗೋಳು ಎಲ್ಲವೂ ಪತ್ರಿಕೆಗಳಲ್ಲಿ ಬಂದಾಗಿತ್ತು. ಉತ್ತರ ಕನ್ನಡದಲ್ಲೂ ಸರ್ಕಾರ ಸಂತ್ರಸ್ತರನ್ನು ಗುರುತಿಸಿ ಮಾಸಾಶನ ಕೊಡುತ್ತಿದೆ. ಇದು ಬೇರೆ ಜಿಲ್ಲೆಯ ಸಂಗತಿ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ಆ ಹೆಲಿಕಾಪ್ಟರು ಹುಡುಕಿಕೊಂಡು ಬಂದದ್ದು ಯಾರನ್ನು? ಟೀ ಸೊಳ್ಳೆಯನ್ನು, ಅಂದರೆ ಅರ್ಧ ಇಂಚಿಗೂ ಕಡಿಮೆ ಉದ್ದದ ಒಂದು ತಿಗಣೆಯನ್ನು. ಆ ತಿಗಣೆಯನ್ನು ತಿನ್ನುವ ತಿಗಣೆಗಳು ಅದೇ ಮರದಲ್ಲಿದ್ದವು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ವಿಜ್ಞಾನಿಗಳು ಗೇರು ತೋಟಗಳಲ್ಲಿ ಟೀ ಸೊಳ್ಳೆಯನ್ನು ಹಿಡಿಯುವ ಬೇಟೆ ತಿಗಣೆಗಳನ್ನು ಪ್ರಭೇದ ಪ್ರಭೇದವಾಗಿ ಗುರುತಿಸಿ, ಸಾಕಿ, ಅವುಗಳ ಜೀವನಚಕ್ರ ಬರೆದಿಟ್ಟಿದ್ದಾರೆ. ಸೈಕಾನಸ್ ಗಾಲ್ಬಾನಸ್, ಸೈಡ್ನೊಕೋರಿಸ್ ಗಿಲ್ವಸ್, ಪಾಂಥಸ್ ಬೈಮ್ಯಾಕುಲೇಟಸ್ ಇವೆಲ್ಲ ಆ ಪಟ್ಟಿಯಲ್ಲಿವೆ. ಪಕ್ಕದ ಗೋವಾದ ಗೇರಿನಲ್ಲೂ ಇಂಥ ದಾಖಲೆಗಳು 1980ರ ದಶಕದಿಂದಲೇ ಇವೆ. ಆಕಾಶದಿಂದ ವಿಷ ಸುರಿಯುವ ಪದ್ಧತಿಯಲ್ಲಿ ಕೆಳಗಿರುವುದು ಯಾವ ತಿಗಣೆ ಎಂದು ನೋಡುವ ಪ್ರಶ್ನೆಯೇ ಏಳುವುದಿಲ್ಲ. ಗುರುತಿಸುವ ಕೆಲಸಕ್ಕೆ ಜಾಗವೇ ಇಲ್ಲದ ಕೃಷಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಎಂಡೋಸಲ್ಫಾನ್ ಹೋಯಿತು. ಅಡಿಕೆಯ ಸುಳಿ ತಿಗಣೆಗೆ ಪೊಟ್ಟಣ ಕಟ್ಟಿ ಇಡುತ್ತಿದ್ದ ಫೋರೇಟ್ ಕೂಡ 2020ರ ಕೊನೆಗೆ ನಿಷೇಧವಾಯಿತು. ಅವುಗಳ ಜಾಗಕ್ಕೆ ಬೇರೆ ಹೆಸರಿನ ಬಾಟಲಿಗಳು ಬಂದಿವೆ. ನೋಡದೆ ಹೊಡೆಯುವ ರೂಢಿಗೆ ಮಾತ್ರ ಯಾರೂ ನಿಷೇಧ ಹೇರಿಲ್ಲ.

ಬೇಟೆಗಾರರನ್ನು ಕೊಂದರೆ ಪೀಡೆ ಹೆಚ್ಚುತ್ತದೆ ಎಂಬುದು ಕಾಡುಪ್ರೇಮಿಗಳ ಭಾವುಕತೆಯಲ್ಲ. ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ 1970, 80ರ ದಶಕಗಳಲ್ಲಿ ಕಂದು ಜಿಗಿಹುಳು ಮತ್ತೆ ಮತ್ತೆ ಎದ್ದು ಬೆಳೆ ನುಂಗಿತು. ಔಷಧ ಹೆಚ್ಚು ಹೊಡೆದಲ್ಲೇ ಹುಳವೂ ಹೆಚ್ಚು. ಕಾರಣ ಹುಡುಕಿದಾಗ ಕಂಡದ್ದು, ಜಿಗಿಹುಳುವನ್ನು ಹಿಡಿತದಲ್ಲಿಡುತ್ತಿದ್ದ ಜೇಡ, ತಿಗಣೆಗಳು ಔಷಧಕ್ಕೆ ಸತ್ತು ಹೋಗಿದ್ದವು. ಎಲೆಕವಚದ ಒಳಗೆ ಮೊಟ್ಟೆಯಾಗಿದ್ದ ಜಿಗಿಹುಳು ಮಾತ್ರ ಉಳಿದುಕೊಂಡು ಕಾವಲಿಲ್ಲದ ಗದ್ದೆಯಲ್ಲಿ ಬೆಳೆಯಿತು. ಅಲ್ಲಿನ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಇಳುವರಿ ಕುಸಿಯಲಿಲ್ಲ. ಅದರ ಜೊತೆಗೆ ಅವರು ಮಾಡಿದ ಇನ್ನೊಂದು ಕೆಲಸ ನಮಗೆ ಮುಖ್ಯ. ರೈತರನ್ನು ಗದ್ದೆಗಿಳಿಸಿ ಯಾವ ಹುಳ ಯಾವುದನ್ನು ತಿನ್ನುತ್ತದೆ ಎಂದು ಅವರೇ ನೋಡಿ, ಚಿತ್ರ ಬರೆದು, ಎಣಿಸುವ ಕ್ಷೇತ್ರ ಪಾಠಶಾಲೆ ನಡೆಸಿದರು. ನಿಷೇಧದಷ್ಟೇ ಗುರುತಿಸುವ ಪಾಠವೂ ಅಲ್ಲಿ ಕೆಲಸ ಮಾಡಿತು. ನಮ್ಮ ಗಜನಿಗಳಲ್ಲಿ ಗೊಬ್ಬರ, ಔಷಧ ಕಾಣದೆ ಬೆಳೆಯುವ ಕಗ್ಗ ಭತ್ತದಲ್ಲಿ ಯಾವ ಬೇಟೆಗಾರರು ಇದ್ದಾರೆ ಎಂದು ಇಂಥ ಪಾಠಶಾಲೆ ಮಾಡಿ ಎಣಿಸಬಾರದೇಕೆ?

ಈ ಜಿಲ್ಲೆಗೆ ಕೀಟ ಗುರುತಿಸುವ ವಿದ್ಯೆ ಹೊಸದೂ ಅಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಕೀಟಶಾಸ್ತ್ರದ ಭೂಪಟದಲ್ಲಿ ಕಾರವಾರ ದೊಡ್ಡ ಹೆಸರು. ಅರಣ್ಯಾಧಿಕಾರಿ ಟಿ.ಆರ್. ಬೆಲ್, ಉಪ್ಪು ಮತ್ತು ಸುಂಕ ಇಲಾಖೆಯ ಇ.ಎಚ್. ಐಟ್ಕನ್, ಕಲೆಕ್ಟರ್ ಜೆ. ಡೇವಿಡ್ಸನ್ ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದ ಲೇಖನಮಾಲೆ 1896ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಬಂತು. ಯಾವ ಚಿಟ್ಟೆಯ ಮರಿಹುಳು ಯಾವ ಗಿಡದ ಎಲೆ ತಿನ್ನುತ್ತದೆ ಎಂದು ಅವರು ಸಾಕಿ ಸಾಕಿ ಬರೆದ ವಿವರ ಇವತ್ತಿಗೂ ಬಳಕೆಯಲ್ಲಿದೆ. ಐಟ್ಕನ್ ಹೆಸರಿನಲ್ಲಿ ಒಂದು ಅನಾಫಿಲಿಸ್ ಸೊಳ್ಳೆಯೇ ಇದೆ. ಬೆಲ್ ನಿವೃತ್ತಿಯಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲೇ ಉಳಿದು 1948ರಲ್ಲಿ ಇಲ್ಲೇ ತೀರಿಕೊಂಡರು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಕೂತು ಡಬ್ಲ್ಯು.ಎಲ್. ಡಿಸ್ಟಂಟ್ 1902ರಿಂದ 1918ರವರೆಗೆ ಭಾರತದ ತಿಗಣೆ, ಜಿಗಿಹುಳುಗಳ ಮೇಲೆ 7 ಸಂಪುಟ ಬರೆದರು. ಬೇಟೆ ತಿಗಣೆಗಳ ಬಗ್ಗೆ ಕೆಲಸ ಮಾಡುವವರು ಇವತ್ತೂ ಆ ಸಂಪುಟಗಳ ಪುಟ ತಿರುವಲೇಬೇಕು.

ಇದರಲ್ಲಿ ಹೆಮ್ಮೆ ಪಡುವುದೂ ಇದೆ, ಬೇಸರ ಪಡುವುದೂ ಇದೆ. ಕೀಟ ನಮ್ಮ ಕಾಡಿನದು, ಹೆಸರು ಲ್ಯಾಟಿನಿನದು, ಪುಸ್ತಕ ಇಂಗ್ಲಿಷಿನದು. ಬೆಲ್ ಸಂಗ್ರಹಿಸಿದ ಹಾಕ್ ಪತಂಗಗಳು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಮರಿಹುಳು ಹುಡುಕಿ ತಂದ, ದಾರಿ ತೋರಿಸಿದ, ಎಲೆ ಕೊಯ್ದು ಕೊಟ್ಟ ಇಲ್ಲಿನ ಜನರ ಹೆಸರು ಶೀರ್ಷಿಕೆಗಳಲ್ಲಿಲ್ಲ. ಅಧಿಕಾರಿಗಳು ಹೋದರು, ಅವರ ಜೊತೆ ವಿದ್ಯೆಯೂ ಹೋಯಿತು. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇರುವುದರಿಂದ ಮೀನು, ಚಿಪ್ಪು, ಸೀಗಡಿ ಗುರುತಿಸಬಲ್ಲವರು ಕಾರವಾರದಲ್ಲಿ ತಯಾರಾದರು. ಕಡಲಿಗೆ ಬೆನ್ನು ಹಾಕಿ ಗುಡ್ಡದ ಕಡೆ ತಿರುಗಿದರೆ, ಕಡವಾಡ, ದೇವಳಮಕ್ಕಿ, ಅಚವೆ, ಹಿಲ್ಲೂರಿನ ಗೇರು ಮತ್ತು ಅಡಿಕೆಯ ತಿಗಣೆ ಗುರುತಿಸಲು ಅಂಥದ್ದೇ ಒಂದು ಜಾಗ ಬೇಕಿತ್ತು.

ಈ ಕೆಲಸ ಸುಲಭವೇನೂ ಅಲ್ಲ. ತಿಗಣೆಯ ಮರಿ ಐದು ಸಲ ಪೊರೆ ಬಿಡುತ್ತದೆ, ಪ್ರತಿ ಸಲ ಬಣ್ಣ, ಆಕಾರ ಬೇರೆ. ರೆಕ್ಕೆ ಬಂದ ಮೇಲಿನ ರೂಪಕ್ಕೂ ಮರಿಗೂ ತಾಳೆಯಾಗದು. ರೈನೊಕೋರಿಸ್ ಮಾರ್ಜಿನೇಟಸ್ ಎಂಬ ಒಂದೇ ಪ್ರಭೇದ ಪೂರ್ತಿ ಕಪ್ಪು, ಪೂರ್ತಿ ಕೆಂಪು, ಕೆಂಪು-ಕಪ್ಪು ಎಂದು ಮೂರು ವೇಷದಲ್ಲಿ ಸಿಗುತ್ತದೆ. ಬಣ್ಣ ನೋಡಿ ಹೆಸರಿಟ್ಟರೆ ಒಂದು ಮೂರಾಗುತ್ತದೆ. ಇನ್ನು ಕೆಲವು ಕಡೆ ಎರಡು ಪ್ರಭೇದ ಕಣ್ಣಿಗೆ ಒಂದೇ ಥರ ಕಂಡು, ಗಂಡಿನ ಜನನಾಂಗ ಬಿಡಿಸಿ ನೋಡಿದರೆ ಮಾತ್ರ ಬೇರೆ ಎಂದು ಗೊತ್ತಾಗುತ್ತದೆ. ಅದಕ್ಕೇ ಫೋನಿನಲ್ಲಿ ಫೋಟೊ ತೆಗೆದು ಆ್ಯಪಿಗೆ ಹಾಕಿದರೆ ಸಾಕು ಎನ್ನುವವರ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಿಂದ ದೊಡ್ಡ ಉಪಕಾರವಾಗಿದೆ. ಕೈಗಾ ಕಡೆಯ ಕಾಡಿನಲ್ಲಿ ಕಂಡದ್ದನ್ನು ದೂರದ ತಜ್ಞರು ಅದೇ ದಿನ ನೋಡಬಹುದು. ಆದರೆ ಚಿತ್ರ ಕುಟುಂಬದವರೆಗೆ, ಹೆಚ್ಚೆಂದರೆ ಕುಲದವರೆಗೆ ಒಯ್ಯುತ್ತದೆ. ಮುಂದಿನ ಹೆಜ್ಜೆಗೆ ಸೂಜಿಗೆ ಚುಚ್ಚಿ, ಊರು, ತಾರೀಖು, ಗಿಡ, ಹಿಡಿದವರ ಹೆಸರು ಬರೆದ ಚೀಟಿಯೊಂದಿಗೆ ಇಟ್ಟ ಮಾದರಿಯೇ ಬೇಕು. ಹೋಲಿಸಿ ನೋಡಲು ಹಳೆಯ ಮಾದರಿ ಇಲ್ಲದ ಊರಿನಲ್ಲಿ ಪ್ರತಿ ಸಲವೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ರಾಜ್ಯದಲ್ಲಿ ವಿದ್ಯೆ ಇಲ್ಲ ಎಂದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಿ.ಎ. ವಿರಕ್ತಮಠ ಅವರು ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತೇ ತಿರುಗಿ ನೋಡುವ ಕೆಲಸ ಮಾಡಿದವರು. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರವಿದೆ, ಅಲ್ಲಿ ಉಪಕಾರಿ ಕೀಟಗಳ ಸಂಗ್ರಹವಿದೆ. ಪುತ್ತೂರಿನಲ್ಲಿ ಗೇರಿನವರಿದ್ದಾರೆ. ಶಿರಸಿಯಲ್ಲಿ ಅರಣ್ಯ ಕಾಲೇಜು, ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಂಕೋಲೆಯ ರೈತ ಬೆಳಿಗ್ಗೆ ಬಾಟಲಿಯಲ್ಲಿ ತಿಗಣೆ ಹಿಡಿದರೆ ಸಂಜೆಯೊಳಗೆ ಉತ್ತರ ಬೇಕು. ಉತ್ತರ ಘಟ್ಟ ಹತ್ತಿ ಬರುವಷ್ಟರಲ್ಲಿ ಅವನ ನೆರೆಮನೆಯವನು ಪಂಪು ಎತ್ತಿಯಾಗಿರುತ್ತದೆ. ಹೀಗಾಗಿ ಅವನಿಗೆ ತಕ್ಷಣ ಸಿಗುವ ಏಕೈಕ ಕೀಟತಜ್ಞ ಔಷಧ ಮಾರುವವನು. ಹುಳವನ್ನು ಗುರುತಿಸುವವನೂ ವಿಷ ಮಾರುವವನೂ ಒಬ್ಬನೇ ಆದರೆ ಸಲಹೆ ಯಾವ ಕಡೆ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯವರನ್ನು ಬೈದು ಪ್ರಯೋಜನವೂ ಇಲ್ಲ. ಬೇರೆ ಯಾರೂ ಇಲ್ಲದ ಜಾಗದಲ್ಲಿ ಅವರು ನಿಂತಿದ್ದಾರೆ, ಅಷ್ಟೇ.

ನಮ್ಮ ವಾದಕ್ಕೆ ಇರುವ ಆಕ್ಷೇಪಗಳನ್ನೂ ನೋಡೋಣ. ಬೇಟೆ ತಿಗಣೆ ಇದ್ದರೆ ಔಷಧವೇ ಬೇಡವೇ? ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬೇಟೆಗಾರರು ನಿಧಾನವಾಗಿ ಬೆಳೆಯುತ್ತಾರೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತಾರೆ, ಒಟ್ಟಿಗೆ ಸಾಕಿದರೆ ಒಬ್ಬರನ್ನೊಬ್ಬರು ತಿಂದುಬಿಡುತ್ತಾರೆ. ಪ್ರಯೋಗಾಲಯದಲ್ಲಿ ಸಾಕಿ ತೋಟಕ್ಕೆ ಬಿಡುವ ಪ್ರಯತ್ನ ತಮಿಳುನಾಡಿನ ಶೇಂಗಾ ಹೊಲಗಳಲ್ಲಿ ನಡೆದಿದೆ, ಆದರೆ ಅಂಗಡಿಯಲ್ಲಿ ಕೊಂಡು ತರುವ ಮಟ್ಟಕ್ಕೆ ಅದು ಬಂದಿಲ್ಲ. ಟೀ ಸೊಳ್ಳೆ ಜೋರಾದ ವರ್ಷ ಚಿಗುರು, ಹೂ ಸುಟ್ಟಂತೆ ಕರಟಿ ಹೋಗುವುದನ್ನು ಕಂಡ ರೈತನಿಗೆ 'ಪ್ರಕೃತಿ ನೋಡಿಕೊಳ್ಳುತ್ತದೆ' ಎನ್ನುವುದು ಕ್ರೌರ್ಯ. ನಾವು ಕೇಳುತ್ತಿರುವುದು ಇಷ್ಟೇ: ಹೊಡೆಯುವ ಮೊದಲು ಐದು ಮರ ನೋಡಿ. ಟೀ ಸೊಳ್ಳೆ ಎಷ್ಟಿದೆ, ಬೇಟೆ ತಿಗಣೆ ಎಷ್ಟಿದೆ, ಚಗಳಿ ಇರುವೆಯ ಗೂಡು ಇದೆಯೇ ಎಂದು ಎಣಿಸಿ. ಮೂರು ಸಲ ಹೊಡೆಯುವ ಜಾಗದಲ್ಲಿ ಒಂದು ಸಲ ಸಾಕಾದರೆ ದುಡ್ಡು ಉಳಿಯುವುದೂ ರೈತನಿಗೇ, ಮೈಮೇಲೆ ವಿಷ ಬೀಳುವುದು ತಪ್ಪುವುದೂ ಅವನಿಗೇ.

ರೈತನಿಗೆ ಲ್ಯಾಟಿನ್ ಹೆಸರು ಯಾಕೆ ಎಂಬುದು ಇನ್ನೊಂದು ಪ್ರಶ್ನೆ. ಬೇಡ. ರೈತನಿಗೆ ಕನ್ನಡದ ಹೆಸರು ಬೇಕು, ಕಾರವಾರದವರಿಗೆ ಕೊಂಕಣಿಯದ್ದೂ ಬೇಕು. ಹಕ್ಕಿಗಳಿಗೆ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಇದೆ, ಚಿಟ್ಟೆಗಳಿಗೂ ಕನ್ನಡ ಹೆಸರು ಕೊಡುವವರು ಬಂದಿದ್ದಾರೆ. ಚೆಲುವಿಲ್ಲದ ತಿಗಣೆಯ ಪಾಲಿಗೆ ಇನ್ನೂ ಒಂದೇ ಹೆಸರು, ಅದೂ ಹಾಸಿಗೆಯಲ್ಲಿ ಕಚ್ಚುವುದರ ಹೆಸರು. ಆದರೆ ಕನ್ನಡ ಹೆಸರಿನ ಹಿಂದೆ ಯಾರಾದರೂ ಒಬ್ಬರು ಲ್ಯಾಟಿನ್ ಹೆಸರನ್ನು ಸರಿಯಾಗಿ ಕೂಡಿಸಿರಬೇಕು. ಪುತ್ತೂರಿನಲ್ಲಿ ಬರೆದದ್ದು ಅಂಕೋಲೆಗೂ ಅನ್ವಯಿಸುತ್ತದೆಯೇ ಎಂದು ತಿಳಿಯಲು ಎರಡೂ ಕಡೆ ಇರುವುದು ಒಂದೇ ತಿಗಣೆ ಎಂಬ ಖಾತ್ರಿ ಬೇಕು. ಆ ಖಾತ್ರಿಗೇ ವರ್ಗೀಕರಣ ಎನ್ನುವುದು.

ಗುರುತಿಸುವ ವಿದ್ಯೆಗೆ ಡಿಗ್ರಿ ಬೇಕೇ ಬೇಕು ಎಂದು ಅಂಕೋಲೆಯವರಂತೂ ಹೇಳುವಂತಿಲ್ಲ. 2021ರ ನವೆಂಬರಿನಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಮರ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು ಎಂಬುದು ಅವರ ಕಣ್ಣಿಗೆ, ಕೈಗೆ ಗೊತ್ತಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದುಡಿಯುತ್ತ ಅವರು ಆ ವಿದ್ಯೆ ಬೆಳೆಸಿಕೊಂಡರು. 2024ರ ಡಿಸೆಂಬರಿನಲ್ಲಿ ಅವರು ಹೋದಾಗ ಎಲ್ಲರೂ ಕಾಡಿನ ವಿಶ್ವಕೋಶ ಹೋಯಿತು ಎಂದರು. ವಿಶ್ವಕೋಶ ಹೋದ ಮೇಲೆ ಹಾಗೆ ಹೇಳುವುದು ಸುಲಭ. ಮರದ ಬಗ್ಗೆ ತುಳಸಿ ಗೌಡರಿಗಿದ್ದ ಕಣ್ಣು ಹುಳದ ಬಗ್ಗೆ ಇರುವವರು ನಮ್ಮ ಹಾಲಕ್ಕಿ ಕೊಪ್ಪಗಳಲ್ಲಿ, ಕುಣಬಿ ಕೇರಿಗಳಲ್ಲಿ ಇವತ್ತೂ ಇರಬಹುದು. ಅವರನ್ನು ಹುಡುಕಿ, ಕೂಲಿ ಕೊಟ್ಟು, ಗೌರವ ಕೊಟ್ಟು ಕೇಳುವ ಕೆಲಸ ಆಗಬೇಕು.

ಇದಕ್ಕೆ ಹೊಸ ಕಾನೂನು ಬೇಡ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ್ದರಿಂದ ದೇಶದೆಲ್ಲೆಡೆ ಅವಸರ ಅವಸರವಾಗಿ ದಾಖಲಾತಿಗಳು ತಯಾರಾದವು. ನಿಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ಕೇಳಿ, ಕೀಟಗಳ ಪುಟ ತೆರೆದು ನೋಡಿ. ಎಷ್ಟು ಹೆಸರಿವೆ, ಅದರಲ್ಲಿ ಎಷ್ಟು ನಿಮ್ಮ ಊರಿನ ಹೆಸರು ಎಂದು ಎಣಿಸಿ. ಆ ಪುಟವನ್ನು ನಿಜವಾಗಿ ತುಂಬುವುದೇ ಮೊದಲ ಕೆಲಸ. ನಮ್ಮ ಎರಡನೆಯ ಬೇಡಿಕೆ, ಕಾರವಾರ ಅಥವಾ ಅಂಕೋಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಕೀಟಗಳ ಮಾದರಿ ಸಂಗ್ರಹ. ನಾಲ್ಕು ಕಪಾಟು, ಒಂದು ಮೈಕ್ರೋಸ್ಕೋಪು, ಇರುವೆ, ಬೂಷ್ಟು ಬಾರದಂತೆ ನೋಡಿಕೊಳ್ಳುವ ಒಬ್ಬರು. ನಮ್ಮ ಮಳೆಗಾಲದ ತೇವಕ್ಕೆ ಈ ಕೊನೆಯವರೇ ಬಹಳ ಮುಖ್ಯ. ಮೂರನೆಯದು, ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಗೇರು, ಅಡಿಕೆ, ಮಾವು, ಭತ್ತದ ತಿಗಣೆಗಳ ಚಿತ್ರಪಟ. ಪ್ರತಿ ಬೆಳೆಗೂ ಪೀಡೆ ಒಂದು ಕಡೆ, ಅದರ ಬೇಟೆಗಾರ ಇನ್ನೊಂದು ಕಡೆ, ಮರಿಯ ಚಿತ್ರವೂ ಜೊತೆಗೆ. ನಾಲ್ಕನೆಯದು, ಕಾಡಿನಲ್ಲಿ ಕೀಟ ಸಂಗ್ರಹಿಸಿ ಓದುವ ವಿದ್ಯಾರ್ಥಿಗಳಿಗೆ ಅನುಮತಿ ಬೇಗ ಸಿಗುವ ವ್ಯವಸ್ಥೆ. ಹೆದ್ದಾರಿಗೆ, ತಂತಿ ಮಾರ್ಗಕ್ಕೆ ಕಾಡು ಕಡಿಯುವ ಕಡತಗಳು ಓಡುವ ವೇಗದ ಕಾಲು ಭಾಗ ಸಾಕು.

ಪತ್ರಿಕೆಗಳ ಕೃಷಿ ಪುಟಗಳಿಗೂ ಒಂದು ಮಾತು ಹೇಳಬೇಕು. 'ಗೇರಿಗೆ ತಿಗಣೆ ಕಾಟ, ರೈತರು ಕಂಗಾಲು' ಎಂಬ ಶೀರ್ಷಿಕೆಯ ಕೆಳಗೆ ಲೀಟರಿಗೆ ಎಷ್ಟು ಎಂಎಲ್ ಎಂಬ ಶಿಫಾರಸು ಇರುತ್ತದೆ. ಹುಳದ ಫೋಟೊ ಇರುವುದಿಲ್ಲ. ಇದ್ದರೂ ಬೇರೆ ದೇಶದ ಹುಳದ್ದು. ಒಂದು ಸರಿಯಾದ ಫೋಟೊ, ಬೆನ್ನ ಮೇಲಿನ ಆ ಗುಂಡುಸೂಜಿ ಮುಳ್ಳಿಗೆ ಒಂದು ಬಾಣದ ಗುರುತು, ಪಕ್ಕದಲ್ಲಿ ಅದನ್ನು ತಿನ್ನುವ ತಿಗಣೆಯ ಬಾಗಿದ ಕೊಕ್ಕಿಗೆ ಇನ್ನೊಂದು ಬಾಣ. ಇಷ್ಟು ಮಾಡಿದರೆ ಆ ಸುದ್ದಿಯ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ.

ಮುಕ್ಕಾಲು ಪಾಲು ಕಾಡೇ ಇರುವ ಜಿಲ್ಲೆ ನಮ್ಮದು. ನಮ್ಮ ಗೇರು ಹಕ್ಕಲುಗಳ ಬೇಲಿ ದಾಟಿದರೆ ಕಾಡು. ಬೇರೆ ಊರಿನವರು ದುಡ್ಡು ಕೊಟ್ಟು ತರಿಸಬೇಕಾದ ಬೇಟೆಗಾರರು ಇಲ್ಲಿ ಬೇಲಿ ದಾಟಿ ತಾವಾಗಿಯೇ ತೋಟಕ್ಕೆ ಬರುತ್ತಾರೆ. ಬಂದವರು ಯಾರು ಎಂದು ಕೇಳದೆ ಅವರ ಮೈಮೇಲೆ ವಿಷ ಸುರಿಯುವುದು ಯಾವ ಲೆಕ್ಕದಲ್ಲೂ ಕೃಷಿಯಲ್ಲ. ಗೇರು ಚಿಗುರುವ ಕಾಲ ಪ್ರತಿ ವರ್ಷ ಮಳೆ ಹಿಂದೆ ಸರಿದ ಕೂಡಲೇ ಬರುತ್ತದೆ. ಈ ವರ್ಷ ಪಂಪು ತೊಳೆಯುವ ಮೊದಲು ಒಂದು ಗಾಜಿನ ಬಾಟಲಿ ತೊಳೆದಿಡಿ. ಸಿಕ್ಕ ತಿಗಣೆಯನ್ನು ಅದರಲ್ಲಿ ಹಾಕಿ, ಬಗ್ಗಿ, ಕೊಕ್ಕು ನೋಡಿ. ಬಾಗಿದ ಕೊಕ್ಕಾದರೆ ಬಿಟ್ಟುಬಿಡಿ. ಅದು ನಿಮ್ಮ ಕೆಲಸಕ್ಕೇ ಬಂದದ್ದು.